ಸ್ವಯಂಸೇವಕರ ಮಾಹಿತಿಗೆ ಕಾವಲು ಯಾರು?

ರಕ್ತದಾನ ಶಿಬಿರವಿರಲಿ, ಜಿಲ್ಲಾ ಸಾಹಿತ್ಯ ಸಮ್ಮೇಳನವಿರಲಿ, ಕೆರೆ ಹೂಳೆತ್ತುವ ಅಭಿಯಾನವಿರಲಿ, ಸ್ವಯಂಸೇವಕರು ಬೇಕೆಂದಾಗ ಮೊದಲು ವಾಟ್ಸ್‌ಆ್ಯಪ್‌ಗೆ ಬಂದು ಬೀಳುವುದು ಒಂದು ಗೂಗಲ್ ಫಾರ್ಮ್‌ನ ಲಿಂಕ್. ತೆರೆದರೆ ಹೆಸರು, ತಂದೆ ಅಥವಾ ಗಂಡನ ಹೆಸರು, ಹುಟ್ಟಿದ ದಿನಾಂಕ, ಮನೆ ವಿಳಾಸ, ಮೊಬೈಲ್ ನಂಬರ್, ರಕ್ತದ ಗುಂಪು. ಇನ್ನಷ್ಟು ಕೆಳಗೆ ಹೋದರೆ ಆಧಾರ್ ಸಂಖ್ಯೆ, ಅದರ ಜೊತೆಗೆ ಕಾರ್ಡಿನ ಎರಡೂ ಬದಿಯ ಫೋಟೊ. ಕೆಲವು ಫಾರ್ಮ್‌ಗಳಲ್ಲಿ ಜಾತಿಗೂ ಒಂದು ಕಲಂ. ಕೆಂಪು ನಕ್ಷತ್ರದ ಗುರುತಿರುವ ಕಲಂ ತುಂಬದೆ ಮುಂದೆ ಹೋಗುವಂತಿಲ್ಲ. ಒಂದು ದಿನ ಊಟ ಬಡಿಸಲು, ಪುಸ್ತಕ ಮಳಿಗೆಯ ಮುಂದೆ ಜನರನ್ನು ಸಾಲಾಗಿ ನಿಲ್ಲಿಸಲು ಬರುವ ಕಾಲೇಜು ಹುಡುಗಿಯ ಆಧಾರ್ ಸಂಖ್ಯೆ ಯಾತಕ್ಕೆ ಬೇಕು ಎಂದು ಕೇಳಿದರೆ ಸಿಗುವ ಉತ್ತರ ಹೆಚ್ಚಾಗಿ ಒಂದೇ: ಹೋದ ವರ್ಷದ ಫಾರ್ಮ್‌ನಲ್ಲಿ ಇತ್ತು, ಅದನ್ನೇ ಕಾಪಿ ಮಾಡಿದ್ದೇವೆ.

ಹೀಗೆ ತುಂಬಿದ್ದೆಲ್ಲ ಒಂದು ಶೀಟ್‌ಗೆ ಹೋಗಿ ಕೂರುತ್ತದೆ. ಆ ಶೀಟ್ ಇರುವುದು ಸಂಘದ ಹೆಸರಿನ ಖಾತೆಯಲ್ಲಲ್ಲ, ಕಾರ್ಯದರ್ಶಿಯ ಸ್ವಂತ ಜಿಮೇಲ್‌ನಲ್ಲಿ. ಊಟದ ಸಮಿತಿಗೆ, ವಸತಿ ಸಮಿತಿಗೆ, ಬ್ಯಾಡ್ಜ್ ಮುದ್ರಿಸುವ ಅಂಗಡಿಗೆ, ಎಲ್ಲರಿಗೂ ಅದೇ ಲಿಂಕ್ ಹೋಗುತ್ತದೆ. ಒಬ್ಬೊಬ್ಬರಿಗೆ ಅನುಮತಿ ಕೊಡುತ್ತ ಕೂರುವಷ್ಟು ಪುರುಸೊತ್ತು ಯಾರಿಗೂ ಇಲ್ಲದ್ದರಿಂದ, ಲಿಂಕ್ ಸಿಕ್ಕವರೆಲ್ಲ ನೋಡಬಹುದು ಎಂದು ಬಿಟ್ಟಿರುತ್ತಾರೆ. ಕಾರ್ಯಕ್ರಮ ಮುಗಿಯುತ್ತದೆ, ಶಾಮಿಯಾನ ಬಿಚ್ಚುತ್ತಾರೆ, ಲೆಕ್ಕಪತ್ರ ಒಪ್ಪಿಸುತ್ತಾರೆ. ಶೀಟ್ ಮಾತ್ರ ಇದ್ದಲ್ಲೇ ಇರುತ್ತದೆ. ಎರಡು ವರ್ಷ ಕಳೆದು ಪದಾಧಿಕಾರಿಗಳು ಬದಲಾದ ಮೇಲೆ ಅಂಥದ್ದೊಂದು ಇದೆ ಎಂಬುದೂ ಯಾರಿಗೂ ನೆನಪಿರುವುದಿಲ್ಲ.

ಗ್ರಾಹಕರ ಮಾಹಿತಿ ಸೋರಿದರೆ ಸುದ್ದಿಯಾಗುತ್ತದೆ, ಕಂಪನಿ ಸ್ಪಷ್ಟನೆ ಕೊಡುತ್ತದೆ. ಆದರೆ ಸಂಸ್ಥೆಯ ಒಳಗೇ ಇದ್ದು ದುಡಿಯುವವರ ಮಾಹಿತಿಯ ಬಗ್ಗೆ ಅಷ್ಟು ಕಾಳಜಿ ಕಾಣುವುದಿಲ್ಲ. ನೌಕರರಿಗೆ ಕನಿಷ್ಠ ಒಂದು ನೇಮಕಾತಿ ಪತ್ರ, ಒಂದು ಎಚ್‌ಆರ್ ವಿಭಾಗ, ಬೇಕಿದ್ದರೆ ಒಂದು ಕಾರ್ಮಿಕ ಸಂಘ ಇರುತ್ತದೆ. ಸಂಬಳವಿಲ್ಲದೆ ಸೇವೆಗೆ ಬಂದವರಿಗೆ ಅದೂ ಇಲ್ಲ. ‘ನಮ್ಮವರೇ ಅಲ್ಲವೇ’ ಎಂಬ ಸಲುಗೆಯಲ್ಲಿ ಅವರಿಂದ ಎಲ್ಲವನ್ನೂ ಕೇಳಲಾಗುತ್ತದೆ, ಅದೇ ಸಲುಗೆಯಲ್ಲಿ ಎಲ್ಲೆಂದರಲ್ಲಿ ಇಡಲಾಗುತ್ತದೆ. ಈ ಅಭ್ಯಾಸ ಬದಲಾಗಲೇಬೇಕು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮುಖ್ಯ ಕಟ್ಟುಪಾಡುಗಳು 2027ರ ಮೇ ತಿಂಗಳಿನಿಂದ ಜಾರಿಗೆ ಬರಲಿವೆ. ಅಲ್ಲಿಯವರೆಗೆ ಕಾದು ನೋಡೋಣ ಎನ್ನುವುದು ಜಾಣತನವಲ್ಲ.

ಅಸಡ್ಡೆಯ ಬೆಲೆ ಎಷ್ಟೆಂದು ಜಗತ್ತಿನ ದೊಡ್ಡ ಸಂಸ್ಥೆಗಳು ಈಗಾಗಲೇ ಕಂಡಿವೆ. ಸೇವಾ ಸಂಸ್ಥೆಗಳ ಪೈಕಿ ಅತ್ಯಂತ ಹಳೆಯ ಹೆಸರುಗಳಲ್ಲಿ ಒಂದಾದ ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಗೆ 2022ರ ಜನವರಿ 18ರಂದು ತನ್ನ ಸರ್ವರ್‌ಗಳಿಗೆ ಕನ್ನ ಬಿದ್ದಿರುವುದು ಖಚಿತವಾಯಿತು. ಯುದ್ಧ, ವಲಸೆ, ಪ್ರಕೋಪಗಳಲ್ಲಿ ಕುಟುಂಬದಿಂದ ಬೇರ್ಪಟ್ಟವರನ್ನು ಮತ್ತೆ ಒಂದುಗೂಡಿಸುವ ಕೆಲಸಕ್ಕಾಗಿ ಸಂಗ್ರಹಿಸಿದ್ದ 5,15,000ಕ್ಕೂ ಹೆಚ್ಚು ಜನರ ವಿವರಗಳು ಆ ಸರ್ವರ್‌ಗಳಲ್ಲಿದ್ದವು. ಅವುಗಳ ಜೊತೆಗೆ ಈ ಕೆಲಸದಲ್ಲಿ ತೊಡಗಿದ್ದ ಸುಮಾರು 2,000 ಸಿಬ್ಬಂದಿ ಮತ್ತು ಸ್ವಯಂಸೇವಕರ ಲಾಗಿನ್ ವಿವರಗಳೂ ಇದ್ದವು. ಕಳ್ಳರು ಒಳಗೆ ಬಂದದ್ದು 2021ರ ನವೆಂಬರ್ 9ರಂದು. ಎಪ್ಪತ್ತು ದಿನ ಯಾರ ಕಣ್ಣಿಗೂ ಬೀಳದೆ ಒಳಗೇ ಇದ್ದರು. ಅವರು ನುಗ್ಗಿದ ದಾರಿ, ಹಾಕಬೇಕಿದ್ದ ಒಂದು ಪ್ಯಾಚ್ ಅನ್ನು ಸಕಾಲದಲ್ಲಿ ಹಾಕದೆ ಉಳಿದಿದ್ದ ಒಂದು ತಾಂತ್ರಿಕ ಲೋಪ.

ಆಮೇಲೆ ರೆಡ್ ಕ್ರಾಸ್ ನಡೆದುಕೊಂಡ ರೀತಿ ಗಮನಿಸಬೇಕಾದದ್ದು. ವಿಷಯವನ್ನು ಮುಚ್ಚಿಡಲಿಲ್ಲ. ಮರುದಿನವೇ ಜಗತ್ತಿಗೆ ತಿಳಿಸಿತು. ಲೋಪ ಎಲ್ಲಿತ್ತು, ಎಷ್ಟು ದಿನ ಇತ್ತು ಎಂಬುದನ್ನು ಪ್ರಶ್ನೋತ್ತರದ ರೂಪದಲ್ಲಿ ಪ್ರಕಟಿಸಿತು. ವಿವರ ಕಳೆದುಕೊಂಡವರಿಗೆ ಫೋನ್, ಪತ್ರ, ಸಹಾಯವಾಣಿಗಳ ಮೂಲಕ ಸುದ್ದಿ ಮುಟ್ಟಿಸಿತು. ಫೋನ್ ಹೋಗದ ಕಡೆಗೆ ಜನರನ್ನೇ ಕಳಿಸಿ ಮುಖತಃ ಹೇಳಿಸಿತು. ತಪ್ಪಾದ ಮೇಲೆ ಸಂಸ್ಥೆಯೊಂದು ಉಳಿಸಿಕೊಳ್ಳಬಹುದಾದ ಮರ್ಯಾದೆ ಇಷ್ಟೇ, ಅದನ್ನು ಅದು ಉಳಿಸಿಕೊಂಡಿತು.

ಎಲ್ಲ ಸೋರಿಕೆಗೂ ಕಳ್ಳರು ಬೇಕೆಂದಿಲ್ಲ. 2023ರ ಆಗಸ್ಟ್ 8ರಂದು ಉತ್ತರ ಐರ್ಲೆಂಡ್‌ನ ಪೊಲೀಸ್ ಇಲಾಖೆ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಉತ್ತರ ಕೊಟ್ಟಿತು. ಅರ್ಜಿದಾರರು ಕೇಳಿದ್ದು ಯಾವ ಹುದ್ದೆಯಲ್ಲಿ ಎಷ್ಟು ಜನರಿದ್ದಾರೆ ಎಂಬ ಸಂಖ್ಯೆಯನ್ನು ಮಾತ್ರ. ಸಿಬ್ಬಂದಿ ವಿಭಾಗದವರು ತಮ್ಮ ದಾಖಲೆಯಿಂದ ಎಲ್ಲರ ಪಟ್ಟಿಯನ್ನು ಒಂದು ಎಕ್ಸೆಲ್ ಕಡತಕ್ಕೆ ಇಳಿಸಿಕೊಂಡು, ಎಣಿಸಿ, ಕೋಷ್ಟಕ ಮಾಡಿದರು. ಕಣ್ಣಿಗೆ ಕಂಡ ಹಾಳೆಗಳನ್ನು ಅಳಿಸಿದರು. ಮೂಲ ಪಟ್ಟಿಯಿದ್ದ ಹಾಳೆ ಮರೆಯಲ್ಲಿ ಹಾಗೇ ಉಳಿಯಿತು. ಕಡತ ಹಲವರ ಕೈದಾಟಿ ಸಾರ್ವಜನಿಕ ಜಾಲತಾಣಕ್ಕೆ ಹೋಯಿತು. 9,483 ಅಧಿಕಾರಿಗಳ ಮತ್ತು ಸಿಬ್ಬಂದಿಯ ಕುಲನಾಮ, ಹೆಸರಿನ ಮೊದಲಕ್ಷರ, ಹುದ್ದೆ, ವಿಭಾಗ, ಕೆಲಸದ ಸ್ಥಳ ಎಲ್ಲವೂ ಎರಡು ತಾಸಿಗೂ ಹೆಚ್ಚು ಹೊತ್ತು ಯಾರು ಬೇಕಾದರೂ ನೋಡುವಂತೆ ಬಿದ್ದಿತ್ತು. ಪೊಲೀಸ್ ಕೆಲಸದಲ್ಲಿರುವುದನ್ನು ನೆರೆಹೊರೆಗೆ ಇರಲಿ, ಕೆಲವರು ಬಂಧುಗಳಿಗೂ ಹೇಳದೆ ಬದುಕುವ ನಾಡು ಅದು. ಬಂದೂಕುಧಾರಿ ಗುಂಪುಗಳ ಕೈಗೆ ಪಟ್ಟಿ ಸೇರಿದೆ ಎಂದು ಇಲಾಖೆಯ ಮುಖ್ಯಸ್ಥರೇ ಹೇಳಬೇಕಾಯಿತು. ಮುಂದಿನ ತಿಂಗಳು ಅವರು ರಾಜೀನಾಮೆ ಕೊಟ್ಟರು. 2024ರಲ್ಲಿ ಬ್ರಿಟನ್ನಿನ ಮಾಹಿತಿ ಆಯುಕ್ತರು ಇಲಾಖೆಗೆ ಏಳೂವರೆ ಲಕ್ಷ ಪೌಂಡ್ ದಂಡ ಹಾಕಿದರು.

ಎಕ್ಸೆಲ್ ಕಡತದಲ್ಲಿ ಹಾಳೆಯೊಂದು ಮರೆಯಾಗಿ ಉಳಿಯುವುದು ಬೆಂಗಳೂರಿನ ಕಚೇರಿಯಲ್ಲೂ ಆಗಬಹುದು, ಬಾಗಲಕೋಟೆಯ ಕಾಲೇಜಿನಲ್ಲೂ ಆಗಬಹುದು. ಇಂಥದ್ದಕ್ಕೆ ಹ್ಯಾಕರ್ ಬೇಡ, ಸಂಜೆ ಐದರೊಳಗೆ ಮೇಲ್ ಕಳಿಸಬೇಕೆಂಬ ಅವಸರವೇ ಸಾಕು.

ಮೂರನೆಯ ಪ್ರಕರಣ ಬೇರೆ ಬಗೆಯದು. ಇಲ್ಲಿ ಮಾಹಿತಿಯನ್ನು ಬೇಕೆಂದೇ ಕೂಡಿಟ್ಟಿದ್ದರು. ಬಟ್ಟೆ ಮಾರುವ ಎಚ್ ಆ್ಯಂಡ್ ಎಂ ಕಂಪನಿಯ ಜರ್ಮನಿಯ ನ್ಯೂರೆಂಬರ್ಗ್ ಸೇವಾ ಕೇಂದ್ರದಲ್ಲಿ ರಜೆಯಿಂದಲೋ ಕಾಯಿಲೆಯಿಂದಲೋ ಮರಳಿದ ನೌಕರರನ್ನು ಮೇಲಧಿಕಾರಿಗಳು ಕೂರಿಸಿಕೊಂಡು ಕುಶಲ ವಿಚಾರಿಸುತ್ತಿದ್ದರು. ಯಾವ ಕಾಯಿಲೆ, ಯಾವ ಲಕ್ಷಣ, ರಜೆಯಲ್ಲಿ ಏನು ಮಾಡಿದಿರಿ ಎಂಬ ಮಾತುಕತೆ. ಅದೆಲ್ಲ ಆಮೇಲೆ ಟಿಪ್ಪಣಿಯಾಗಿ ಕಂಪ್ಯೂಟರ್ ಸೇರುತ್ತಿತ್ತು. ಮನೆಯ ಜಗಳ, ಧಾರ್ಮಿಕ ನಂಬಿಕೆಯಂಥ ವಿಷಯಗಳೂ ಅದರಲ್ಲಿದ್ದವು. ಐವತ್ತರವರೆಗೆ ಮ್ಯಾನೇಜರ್‌ಗಳು ಇದನ್ನು ಓದಬಹುದಿತ್ತು. ನೌಕರರ ಬಗ್ಗೆ ತೀರ್ಮಾನ ತೆಗೆದುಕೊಳ್ಳಲು ಇವೇ ಟಿಪ್ಪಣಿಗಳು ಬಳಕೆಯಾಗುತ್ತಿದ್ದವು. 2019ರ ಅಕ್ಟೋಬರ್‌ನಲ್ಲಿ ಸೆಟ್ಟಿಂಗ್ ಎಡವಟ್ಟಿನಿಂದ ಕೆಲವು ತಾಸು ಇಡೀ ಕಂಪನಿಗೆ ಈ ಕಡತ ತೆರೆದುಕೊಂಡಿತು. ಹಾಗೆ ತೆರೆದುಕೊಂಡಿರದಿದ್ದರೆ ನೌಕರರಿಗೆ ಇದು ಯಾವ ಕಾಲಕ್ಕೆ ಗೊತ್ತಾಗುತ್ತಿತ್ತೋ. ಒಂದು ವರ್ಷದ ನಂತರ ಹ್ಯಾಂಬರ್ಗ್‌ನ ದತ್ತಾಂಶ ಸಂರಕ್ಷಣಾ ಆಯುಕ್ತರು 3.5 ಕೋಟಿ ಯೂರೊಗೂ ಹೆಚ್ಚಿನ ದಂಡ ವಿಧಿಸಿದರು. ಕಂಪನಿ ನೌಕರರ ಕ್ಷಮೆ ಕೇಳಿತು, ಪರಿಹಾರವನ್ನೂ ಕೊಟ್ಟಿತು.

ಕುಶಲ ಕೇಳುವ ನೆಪದಲ್ಲಿ ದಾಖಲೆ ಮಾಡಿಟ್ಟುಕೊಳ್ಳುವುದು ನಮ್ಮ ಕಚೇರಿಗಳಿಗೇನೂ ಹೊಸದಲ್ಲ. ‘ಮದುವೆ ಯಾವಾಗ’, ‘ಮಕ್ಕಳಾಗಿವೆಯೇ’ ಎಂದು ಸಂದರ್ಶನದಲ್ಲೇ ಕೇಳುತ್ತಾರೆ. ಬಯೋಡೇಟಾದಲ್ಲಿ ಜಾತಿ, ಧರ್ಮ, ವೈವಾಹಿಕ ಸ್ಥಿತಿ ಬರೆಯುವುದು ಇನ್ನೂ ಬಹಳ ಕಡೆ ರೂಢಿಯಲ್ಲಿದೆ. ಕೆಲಸ ಸಿಕ್ಕವರ ಬಯೋಡೇಟಾ ಕಡತಕ್ಕೆ ಹೋಗುತ್ತದೆ. ಸಿಗದವರದ್ದು ಎಲ್ಲಿಗೆ ಹೋಗುತ್ತದೆ?

ಖಾಸಗಿತನ ಶ್ರೀಮಂತರ ಚಿಂತೆ, ನಮ್ಮ ಸಮಾಜಕ್ಕೆ ಒಗ್ಗದ ವಿಚಾರ ಎನ್ನುವವರು ಒಂದು ಹೆಸರನ್ನು ನೆನೆಯಬೇಕು. ಈ ದೇಶದಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕಾಗಿಸಿದ ಮೊಕದ್ದಮೆಗೆ ಹೆಸರು ಕೊಟ್ಟವರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಮರುವರ್ಷ ಆಧಾರ್ ಕಾಯ್ದೆ ಉಳಿಯಿತಾದರೂ, ಖಾಸಗಿ ಸಂಸ್ಥೆಗಳು ಆಧಾರ್ ದೃಢೀಕರಣ ಬಳಸಲು ಅವಕಾಶ ಕೊಟ್ಟಿದ್ದ ಭಾಗವನ್ನು ನ್ಯಾಯಾಲಯ ತೆಗೆದುಹಾಕಿತು. ಪುಟ್ಟಸ್ವಾಮಿ 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಅವರು ತೆರೆದ ದಾರಿಯಲ್ಲೇ 2023ರ ಆಗಸ್ಟ್‌ನಲ್ಲಿ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು.

ಇದಕ್ಕೆ ಮೊದಲೂ ಕಾನೂನು ಇರಲಿಲ್ಲ ಎಂದೇನಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಂ, 2011ರ ನಿಯಮಗಳು ಇದ್ದವು. ಅವು ಹೇಳುತ್ತಿದ್ದುದು ಕಂಪನಿಗಳಿಗೆ ಮತ್ತು ವ್ಯಾಪಾರ, ವೃತ್ತಿಯಲ್ಲಿ ತೊಡಗಿದ ಸಂಸ್ಥೆಗಳಿಗೆ. ಸೇವಾ ಸಂಸ್ಥೆಗಳು ಬಹುಮಟ್ಟಿಗೆ ಹೊರಗೇ ಉಳಿದಿದ್ದವು. ಹೊಸ ಕಾಯ್ದೆ ಹಾಗೆ ಬಿಡುವುದಿಲ್ಲ. ಕಂಪನಿ, ಪಾಲುದಾರಿಕೆ ಸಂಸ್ಥೆಗಳ ಜೊತೆಗೆ, ನೋಂದಣಿಯಾಗಿರಲಿ ಬಿಡಲಿ, ವ್ಯಕ್ತಿಗಳ ಯಾವುದೇ ಕೂಟವೂ ಅದರ ವ್ಯಾಪ್ತಿಯಲ್ಲಿದೆ. ಊರಿನ ಯುವಕ ಸಂಘ, ಮಠದ ವಿದ್ಯಾಸಂಸ್ಥೆ, ಬಡಾವಣೆಯ ನಿವಾಸಿಗಳ ಸಂಘ, ಚಾರಣ ಬಳಗ, ಯಾವುದೂ ಇದಕ್ಕೆ ಹೊರತಲ್ಲ. ಕಾಗದದ ಪುಸ್ತಕದಲ್ಲೇ ಉಳಿದ ವಿವರ ಕಾಯ್ದೆಗೆ ಒಳಪಡುವುದಿಲ್ಲ ನಿಜ. ಆ ಪುಟವನ್ನು ಮೊಬೈಲ್‌ನಲ್ಲಿ ಫೋಟೊ ಹೊಡೆದು ಗ್ರೂಪಿಗೆ ಹಾಕಿದ ಕ್ಷಣದಿಂದ ಒಳಪಡುತ್ತದೆ.

ನೌಕರರಿಗೂ ಸ್ವಯಂಸೇವಕರಿಗೂ ಕಾಯ್ದೆ ಮಾಡುವ ವ್ಯತ್ಯಾಸವನ್ನು ಇಲ್ಲಿ ಬಿಡಿಸಿ ನೋಡಬೇಕು. ನೌಕರಿಯ ಉದ್ದೇಶಕ್ಕೆ, ಸಂಸ್ಥೆಯನ್ನು ನಷ್ಟದಿಂದ ಕಾಪಾಡುವ ಉದ್ದೇಶಕ್ಕೆ ನೌಕರರ ಮಾಹಿತಿಯನ್ನು ಒಪ್ಪಿಗೆ ಇಲ್ಲದೆಯೂ ಬಳಸಲು ಏಳನೆಯ ಕಲಂ ಅವಕಾಶ ಕೊಡುತ್ತದೆ. ಸಂಬಳ ಹಾಕಲು ಬ್ಯಾಂಕ್ ಖಾತೆ, ತೆರಿಗೆಗೆ ಪ್ಯಾನ್, ಭವಿಷ್ಯನಿಧಿಗೆ ಯುಎಎನ್ ಸಂಖ್ಯೆ ಬೇಕೇ ಬೇಕು. ಅಲ್ಲಿ ಪ್ರತಿ ಸಲ ಒಪ್ಪಿಗೆ ಕೇಳುತ್ತ ಕೂರುವುದರಲ್ಲಿ ಅರ್ಥವಿಲ್ಲ. ಸ್ವಯಂಸೇವಕರಿಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ, ಅವರು ನೌಕರರಲ್ಲವಲ್ಲ. ಅವರಿಂದ ಒಪ್ಪಿಗೆ ಪಡೆಯಬೇಕು, ಇಲ್ಲವೇ ಅವರೇ ಮುಂದೆ ಬಂದು ಯಾವ ಕೆಲಸಕ್ಕೆಂದು ವಿವರ ಕೊಟ್ಟರೋ ಆ ಕೆಲಸಕ್ಕೆ ಮಾತ್ರ ಬಳಸಬೇಕು. ಸಮ್ಮೇಳನದ ಊಟದ ವ್ಯವಸ್ಥೆಗೆಂದು ಕೊಟ್ಟ ನಂಬರಿಗೆ ಚುನಾವಣೆ ಹೊತ್ತಿನಲ್ಲಿ ಪ್ರಚಾರದ ಮೆಸೇಜ್ ಬರುವಂತಿಲ್ಲ. ರಕ್ತದಾನಿಗಳ ಪಟ್ಟಿ ವಿಮೆ ಮಾರುವವರ ಕೈಗೆ ಹೋಗುವಂತಿಲ್ಲ. ಒಪ್ಪಿಗೆಯನ್ನು ಕೊಟ್ಟಷ್ಟೇ ಸಲೀಸಾಗಿ ಹಿಂದಕ್ಕೆ ಪಡೆಯುವ ಹಕ್ಕೂ ಅವರಿಗಿದೆ. ಇಷ್ಟು ಕಾಲ ಯಾರ ಲೆಕ್ಕಕ್ಕೂ ಸಿಗದಿದ್ದ ಸ್ವಯಂಸೇವಕರು ಈ ಒಂದು ವಿಷಯದಲ್ಲಿ ಸಂಬಳದಾರರಿಗಿಂತ ಗಟ್ಟಿ ನೆಲದ ಮೇಲೆ ನಿಂತಿದ್ದಾರೆ.

ಹಾಗಾದರೆ ಆಶಾ ಕಾರ್ಯಕರ್ತೆಯರು ಯಾವ ಸಾಲಿಗೆ ಸೇರುತ್ತಾರೆ? ರಾಜ್ಯದಲ್ಲಿ ಸುಮಾರು 42 ಸಾವಿರ ಆಶಾಗಳಿದ್ದಾರೆ. ಸರ್ಕಾರದ ಭಾಷೆಯಲ್ಲಿ ಅವರು ಸ್ವಯಂಸೇವಕಿಯರು, ಕೈಗೆ ಬರುವುದು ಗೌರವಧನ ಮತ್ತು ಪ್ರೋತ್ಸಾಹಧನ. ಇಂಥದ್ದೇ ಸ್ಥಿತಿಯಲ್ಲಿರುವ ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರಿ ನೌಕರರಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದ್ದು ಕರ್ನಾಟಕದ್ದೇ ಆದ ಅಮೀರ್‌ಬಿ ಪ್ರಕರಣದಲ್ಲಿ. 2022ರಲ್ಲಿ ಅದೇ ನ್ಯಾಯಾಲಯ ಗುಜರಾತಿನ ಪ್ರಕರಣವೊಂದರಲ್ಲಿ ಅವರಿಗೆ ಗ್ರಾಚ್ಯುಟಿ ಕೊಡಬೇಕೆಂದಿತು. ಸಂಬಳದ ಮಾತು ಬಂದಾಗ ಸ್ವಯಂಸೇವಕಿ, ಕೆಲಸದ ಮಾತು ಬಂದಾಗ ನೌಕರಳು ಎಂಬ ಈ ಇಬ್ಬಂದಿತನ ಮಾಹಿತಿಯ ವಿಷಯಕ್ಕೂ ಹಬ್ಬಿದೆ. ಆಶಾ ಮಾಡಿದ ಕೆಲಸ ಆರೋಗ್ಯ ಇಲಾಖೆಯ ಪೋರ್ಟಲ್‌ನಲ್ಲಿ ದಾಖಲಾದರೆ ಮಾತ್ರ ಹಣ. ಅದನ್ನು ದಾಖಲಿಸುವವರು ಬೇರೆಯವರು, ತಪ್ಪಿದರೆ ಕತ್ತರಿ ಬೀಳುವುದು ಆಕೆಯ ಪ್ರೋತ್ಸಾಹಧನಕ್ಕೆ. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಅಹೋರಾತ್ರಿ ಕುಳಿತ ಆಶಾಗಳ ಬೇಡಿಕೆಗಳಲ್ಲಿ ಗೌರವಧನದ ಜೊತೆಗೆ ಈ ಪೋರ್ಟಲ್‌ನ ಕಾಟದಿಂದ ಬಿಡುಗಡೆಯೂ ಒಂದಾಗಿತ್ತು.

ಹಲವು ಊರುಗಳಲ್ಲಿ ಆರೋಗ್ಯ ಉಪಕೇಂದ್ರದ ಗೋಡೆಯ ಮೇಲೆ ಆಶಾ ಕಾರ್ಯಕರ್ತೆಯ ಹೆಸರು, ಮೊಬೈಲ್ ನಂಬರ್ ಬಣ್ಣದಲ್ಲಿ ಬರೆಸಿರುತ್ತಾರೆ. ಹೆರಿಗೆ ನೋವು ಹೇಳಿಕೇಳಿ ಬರುವುದಿಲ್ಲ, ನಂಬರ್ ಊರಿಗೆ ಗೊತ್ತಿರಬೇಕು, ಸರಿ. ಆದರೆ ಅದು ಆಕೆಯ ಸ್ವಂತ ನಂಬರ್. ಬ್ಯಾಂಕಿನ ಒಟಿಪಿ ಬರುವುದೂ ಅದಕ್ಕೇ, ಮಕ್ಕಳ ಶಾಲೆಯಿಂದ ಕರೆ ಬರುವುದೂ ಅದಕ್ಕೇ. ಕೆಲಸಕ್ಕೆಂದೇ ಒಂದು ಸಿಮ್ ಕೊಟ್ಟು, ಕೆಲಸ ಬಿಟ್ಟಾಗ ಅದನ್ನು ಮುಂದಿನವರಿಗೆ ಕೊಡುವುದು ಆರೋಗ್ಯ ಇಲಾಖೆಗೆ ಅಸಾಧ್ಯವಾದ ಕೆಲಸವೇ? ಗೋಡೆಯ ಮೇಲಿನ ನಂಬರ್ ಆಗ ಹುದ್ದೆಯದಾಗುತ್ತದೆ, ಹೆಣ್ಣುಮಗಳೊಬ್ಬಳದಾಗಿ ಉಳಿಯುವುದಿಲ್ಲ.

ನಿಗಾ ಇಡುವ ಚಟವೂ ಕೆಳಹಂತದವರ ಮೇಲೇ ಹೆಚ್ಚು. ಚಂಡೀಗಢ, ಪಂಚಕುಲಾ, ನಾಗಪುರಗಳಲ್ಲಿ ಪೌರಕಾರ್ಮಿಕರ ಕೈಗೆ ಜಿಪಿಎಸ್ ಇರುವ ವಾಚ್ ಕಟ್ಟಿಸಲಾಯಿತು. ಅವರು ಎಲ್ಲಿ ನಿಂತರು, ಎಷ್ಟು ಹೊತ್ತು ನಿಂತರು ಎಂಬುದು ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಕಾಣುತ್ತಿತ್ತು. ಚಂಡೀಗಢದ ಕಾರ್ಮಿಕರು ಇದರ ವಿರುದ್ಧ ಬೀದಿಗಿಳಿದರು. ಮೇಲಿನ ಅಧಿಕಾರಿಗಳ ಕೈಗೆ ಅಂಥ ವಾಚ್ ಬರುವುದು ಅಪರೂಪ. ಕಾಯ್ದೆಯ ಏಳನೆಯ ಕಲಂ ಕೊಡುವ ನೌಕರಿಯ ವಿನಾಯಿತಿ ಇಂಥ ಕಾವಲಿಗೆ ಪರವಾನಗಿಯಾಗುವ ಅಪಾಯವಿದೆ. ಕಾಯ್ದೆಯಡಿ ದೂರು ವಿಚಾರಿಸಿ ದಂಡ ಹಾಕುವ ದತ್ತಾಂಶ ಸಂರಕ್ಷಣಾ ಮಂಡಳಿ ಮೊದಲ ಪ್ರಕರಣಗಳಲ್ಲೇ ಇದಕ್ಕೊಂದು ಗೆರೆ ಎಳೆಯಬೇಕು.

ಕಾಯ್ದೆಯಲ್ಲಿ ಬೇರೆ ಕೊರತೆಗಳೂ ಇವೆ. ಆರೋಗ್ಯ, ಜಾತಿ, ಧರ್ಮದಂಥ ಸೂಕ್ಷ್ಮ ವಿವರಗಳಿಗೆ ಪ್ರತ್ಯೇಕ ರಕ್ಷಣೆ 2019ರ ಮಸೂದೆಯಲ್ಲಿತ್ತು, 2023ರ ಕಾಯ್ದೆಯಲ್ಲಿ ಇಲ್ಲ. ಸರಿಯಾದ ಭದ್ರತೆ ಇಡದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. ಆ ಹಣ ಹೋಗುವುದು ಕೇಂದ್ರದ ಸಂಚಿತ ನಿಧಿಗೆ. ಮಾಹಿತಿ ಕಳೆದುಕೊಂಡವರಿಗೆ ಅದರಿಂದ ಒಂದು ರೂಪಾಯಿಯೂ ಇಲ್ಲ. ಹಳೆಯ 43ಎ ಕಲಂನಲ್ಲಿ ಪರಿಹಾರ ಕೇಳಲು ದಾರಿಯಿದೆ. ಹೊಸ ಕಾಯ್ದೆ ಪೂರ್ತಿ ಜಾರಿಯಾದಾಗ ಆ ಕಲಂ ರದ್ದಾಗುತ್ತದೆ. ನ್ಯೂರೆಂಬರ್ಗ್‌ನ ನೌಕರರಿಗೆ ಸಿಕ್ಕ ಪರಿಹಾರ ನಮ್ಮ ನೌಕರರಿಗೂ ಸ್ವಯಂಸೇವಕರಿಗೂ ಸಿಗಬೇಕಾದರೆ ಸಂಸತ್ತು ಇದನ್ನು ತಿದ್ದಲೇಬೇಕು.

ಇನ್ನೊಂದು ಎಚ್ಚರ ಅಗತ್ಯ. ಇದೇ ಕಾಯ್ದೆಯ ಮೂಲಕ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಂಗೆ ತಿದ್ದುಪಡಿ ತಂದು, ವೈಯಕ್ತಿಕ ಮಾಹಿತಿ ಎಂಬ ಒಂದೇ ಕಾರಣಕ್ಕೆ ಉತ್ತರ ನಿರಾಕರಿಸಲು ದಾರಿ ಅಗಲ ಮಾಡಲಾಗಿದೆ. ಖಾಸಗಿತನದ ಹೆಸರಿನಲ್ಲಿ ಹಾಜರಾತಿ ಪಟ್ಟಿ, ಗುತ್ತಿಗೆದಾರರ ಬಿಲ್ಲು, ನೇಮಕಾತಿಯ ಅಂಕಪಟ್ಟಿ ಮುಚ್ಚಿಡುವುದು ಸ್ವಯಂಸೇವಕಿಯ ಮೊಬೈಲ್ ನಂಬರ್ ಕಾಪಾಡಿದಂತಾಗುವುದಿಲ್ಲ. ಉತ್ತರ ಐರ್ಲೆಂಡ್‌ನ ಪೊಲೀಸರು ಮಾಡಬೇಕಿದ್ದದ್ದು ಸಂಖ್ಯೆಗಳನ್ನು ಬೇರೆ ಹಾಳೆಯಲ್ಲಿ ಬರೆದು ಕೊಡುವ ಕೆಲಸ. ಅರ್ಜಿಯನ್ನು ತಿರಸ್ಕರಿಸಿದ್ದರೆ ಜನರಿಗೆ ನಷ್ಟವಾಗುತ್ತಿತ್ತು. ಸಾರ್ವಜನಿಕ ಹಿತಾಸಕ್ತಿ ದೊಡ್ಡದಾಗಿದ್ದರೆ ಮಾಹಿತಿ ಕೊಡಬಹುದೆನ್ನುವ 8(2) ಕಲಂ ಇನ್ನೂ ಉಳಿದಿದೆ. ಅಧಿಕಾರಿಗಳು ಅದನ್ನು ಬಳಸಬೇಕು.

‘ಇದೆಲ್ಲ ದೊಡ್ಡ ಕಂಪನಿಗಳಿಗೆ ಸರಿ, ಬಾಡಿಗೆ ಕೋಣೆಯಲ್ಲಿ ನಡೆಯುವ ನಮ್ಮ ಸಂಘಕ್ಕೆ ವಕೀಲರನ್ನು ಇಡುವ ಶಕ್ತಿ ಎಲ್ಲಿದೆ’ ಎಂಬ ಮಾತಿನಲ್ಲಿ ಹುರುಳಿದೆ. ಸೇವೆಯನ್ನೇ ನಂಬಿದ ಸಂಘಗಳ ಮೇಲೆ ಕಾಗದಪತ್ರದ ಹೊರೆ ಆಗಲೇ ಸಾಕಷ್ಟಿದೆ. 80ಜಿ ವಿನಾಯಿತಿ ಇರುವ ಟ್ರಸ್ಟ್‌ಗಳು ದಾನಿಗಳ ಪ್ಯಾನ್ ಅಥವಾ ಬೇರೆ ಗುರುತಿನ ಸಂಖ್ಯೆ ಸಹಿತ 10ಬಿಡಿ ವಿವರಪಟ್ಟಿ ಸಲ್ಲಿಸಬೇಕು. ವಿದೇಶಿ ದೇಣಿಗೆ ಪಡೆಯುವ ಸಂಸ್ಥೆಗಳು ಪದಾಧಿಕಾರಿಗಳ ಆಧಾರ್ ಅಥವಾ ಪಾಸ್‌ಪೋರ್ಟ್ ಕೊಡಬೇಕು. ಆದರೆ ಇವು ದಾನಿಗಳಿಗೆ, ಪದಾಧಿಕಾರಿಗಳಿಗೆ ಸಂಬಂಧಿಸಿದವು. ಶಾಮಿಯಾನದಲ್ಲಿ ನೀರು ಕೊಡುವ ಹುಡುಗನ ಆಧಾರ್ ಕೇಳಿ ಎಂದು ಇವು ಹೇಳುವುದಿಲ್ಲ. ಕಾನೂನು ಕೇಳುವುದೆಷ್ಟು, ಸಂಘ ರೂಢಿಯಿಂದ ಕೇಳುತ್ತಿರುವುದೆಷ್ಟು ಎಂದು ಒಮ್ಮೆ ಕೂತು ಬೇರೆ ಮಾಡಿದರೆ ಹೊರೆ ಇಳಿಯುತ್ತದೆ.

ಆದ್ದರಿಂದ ಮೊದಲ ಕೆಲಸ ಕಡಿಮೆ ಕೇಳುವುದು. ಇದಕ್ಕೆ ಹೊಸ ನಿಯಮಗಳಲ್ಲೇ ಇನ್ನೊಂದು ಕಾರಣವಿದೆ. ಬಳಸಿದ ಮಾಹಿತಿಯನ್ನು ಕೆಲವು ಸರ್ಕಾರಿ ಉದ್ದೇಶಗಳಿಗಾಗಿ ಕನಿಷ್ಠ ಒಂದು ವರ್ಷ ಇಟ್ಟುಕೊಳ್ಳಬೇಕೆಂದು ಅವು ಹೇಳುತ್ತವೆ. ಒಮ್ಮೆ ತೆಗೆದುಕೊಂಡ ಮೇಲೆ, ಬೇಡವೆನಿಸಿದರೂ, ಅಷ್ಟು ಕಾಲ ಕಾಯುವ ಹೊಣೆ ಸಂಘದ ಹೆಗಲಿಗೇ ಬೀಳುತ್ತದೆ. ಗುರುತಿನ ಪುರಾವೆ ಬೇಕೇಬೇಕಾದರೆ ಕಾರ್ಡನ್ನು ನೋಡಿ ವಾಪಸ್ ಕೊಟ್ಟರೆ ಸಾಕು. ಅದೂ ಸಾಲದಿದ್ದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಇದೆ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯೇ ಜೆರಾಕ್ಸ್ ಪ್ರತಿಗಳನ್ನು ಸಿಕ್ಕಸಿಕ್ಕವರಿಗೆ ಕೊಡಬೇಡಿ, ಮಾಸ್ಕ್ ಮಾಡಿದ್ದನ್ನು ಕೊಡಿ ಎಂದು ಪ್ರಕಟಣೆ ಹೊರಡಿಸಿತ್ತು. ಜನ ತಪ್ಪು ತಿಳಿದುಕೊಳ್ಳುತ್ತಾರೆಂದು ಎರಡೇ ದಿನದಲ್ಲಿ ಕೇಂದ್ರ ಅದನ್ನು ವಾಪಸ್ ಪಡೆಯಿತು. ವಾಪಸ್ ಪಡೆದರೂ ಆ ಸಲಹೆ ಸರಿಯಾಗಿಯೇ ಇತ್ತು.

ಉಳಿದ ಕೆಲಸಗಳಿಗೂ ದುಡ್ಡಿಗಿಂತ ಶಿಸ್ತು ಮುಖ್ಯ. ಶೀಟ್‌ಗಳು ಸಂಘದ ಹೆಸರಿನ ಖಾತೆಯಲ್ಲಿರಲಿ, ಪದಾಧಿಕಾರಿಗಳು ಬದಲಾದ ದಿನವೇ ಪಾಸ್‌ವರ್ಡ್ ಬದಲಾಗಲಿ. ಬ್ಯಾಡ್ಜ್ ಮುದ್ರಿಸುವವರಿಗೆ ಹೆಸರಿನ ಪಟ್ಟಿ ಸಾಕು, ವಿಳಾಸ ಬೇಡ. ಹೊರಗಿನವರಿಗೆ ಕೊಟ್ಟ ಮಾಹಿತಿ ಅಲ್ಲಿಂದ ಸೋರಿದರೂ ಹೊಣೆ ಸಂಘದ್ದೇ ಎಂದು ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಇನ್ನೂರು ಜನರ ವಾಟ್ಸ್‌ಆ್ಯಪ್ ಗ್ರೂಪ್ ಮಾಡಿದರೆ ಪ್ರತಿಯೊಬ್ಬರ ನಂಬರ್ ಉಳಿದೆಲ್ಲರಿಗೂ ಕಾಣುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ಗುರುತಿಲ್ಲದವರಿಂದ ಮೆಸೇಜ್ ಬಂದು ಹೆಣ್ಣುಮಕ್ಕಳು ಸಂಘಟನೆಗೇ ಬೆನ್ನು ತಿರುಗಿಸಲು ಅಷ್ಟೇ ಸಾಕು. ಬರೀ ಸೂಚನೆ ಕೊಡುವುದಿದ್ದರೆ ಬ್ರಾಡ್‌ಕಾಸ್ಟ್ ಪಟ್ಟಿ ಇದೆ, ಅದರಲ್ಲಿ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ. ಹದಿನೆಂಟು ತುಂಬದ ಮಕ್ಕಳಾದರೆ ತಂದೆತಾಯಿಯ ಖಚಿತ ಒಪ್ಪಿಗೆ ಕಡ್ಡಾಯ. ಪಿಯು ಕಾಲೇಜಿನ ಎನ್‌ಎಸ್‌ಎಸ್ ಘಟಕ, ಸ್ಕೌಟ್ಸ್ ಮತ್ತು ಗೈಡ್ಸ್ ದಳಗಳು ಇದನ್ನು ಈಗಿನಿಂದಲೇ ರೂಢಿಸಿಕೊಳ್ಳಬೇಕು. ಕಚೇರಿಯಲ್ಲಿ ಲೈಂಗಿಕ ಕಿರುಕುಳದ ದೂರು ಕೊಟ್ಟವರ ಗುರುತನ್ನು ಬಯಲು ಮಾಡಬಾರದೆಂದು 2013ರ ಕಾಯ್ದೆ, ಎಚ್‌ಐವಿ ಸೋಂಕಿತರ ವಿವರ ಕಾಪಾಡಬೇಕೆಂದು 2017ರ ಕಾಯ್ದೆ ಈಗಾಗಲೇ ಹೇಳಿವೆ. ಅಂಥ ಕಡತಗಳು ಸಾಮಾನ್ಯ ಫೋಲ್ಡರಿನಲ್ಲಿ ಇರಲೇಬಾರದು.

ಇಷ್ಟಾದ ಮೇಲೂ ಸೋರಿದರೆ, ತಡಮಾಡದೆ ಹೇಳಬೇಕು. ವಿವರ ಕಳೆದುಕೊಂಡವರಿಗೆ ಕೂಡಲೇ, ಅರ್ಥವಾಗುವ ಮಾತಿನಲ್ಲಿ ತಿಳಿಸಬೇಕು. ಮಂಡಳಿಗೆ 72 ತಾಸಿನೊಳಗೆ ಪೂರ್ಣ ವರದಿ ಕೊಡಬೇಕು. ಸಂಘದ ಹೆಸರು ಕೆಡುತ್ತದೆಂದು ಮುಚ್ಚಿಟ್ಟರೆ ಅದಕ್ಕೂ 200 ಕೋಟಿವರೆಗೆ ದಂಡವಿದೆ.

ಒಪ್ಪಿಗೆಯ ಮಾತು ಬಂದಾಗ ಕನ್ನಡದ ಪ್ರಶ್ನೆಯೂ ಬರುತ್ತದೆ. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳ ಪೈಕಿ ಯಾವುದರಲ್ಲಾಗಲಿ ಓದಿಕೊಳ್ಳುವ ಆಯ್ಕೆ ಜನರಿಗೆ ಇರಬೇಕೆಂದು ಕಾಯ್ದೆ ಹೇಳುತ್ತದೆ. ಕನ್ನಡದಲ್ಲಿ ಕೊಡಿ ಎಂದು ಕೇಳುವ ಹಕ್ಕು ಗುತ್ತಿಗೆ ನೌಕರನಿಗೂ ಇದೆ, ಸ್ವಯಂಸೇವಕಿಗೂ ಇದೆ. ಸಣ್ಣ ಸಂಘಗಳು ಒಂದೊಂದೂ ವಕೀಲರನ್ನು ಹುಡುಕಿಕೊಂಡು ಹೋಗುವ ಬದಲು, ಸಂಘಗಳನ್ನು ನೋಂದಾಯಿಸುವ ಸಹಕಾರ ಇಲಾಖೆ ಒಂದು ಪುಟದ ಮಾದರಿ ಸೂಚನೆಯನ್ನೂ ಒಂದು ಮಾದರಿ ನೋಂದಣಿ ಫಾರ್ಮ್ ಅನ್ನೂ ತಿಳಿಗನ್ನಡದಲ್ಲಿ ಪ್ರಕಟಿಸಬೇಕು. ಅನುದಾನ ಕೊಡುವ ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ಯುವ ಸಬಲೀಕರಣ ಇಲಾಖೆಗಳು ಅದನ್ನು ಬಳಸುವುದನ್ನು ಅನುದಾನದ ಷರತ್ತಾಗಿ ಮಾಡಬೇಕು. ಸಂಘಗಳ ಸದಸ್ಯರು ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಜಮಾಖರ್ಚಿನ ಲೆಕ್ಕದ ಜೊತೆಗೆ ಇನ್ನೊಂದು ವರದಿ ಕೇಳಬೇಕು: ನಮ್ಮ ಯಾವ ಯಾವ ವಿವರ ಸಂಘದಲ್ಲಿದೆ, ಅದು ಯಾರ ಕೈಯಲ್ಲಿದೆ, ಈ ವರ್ಷ ಯಾರಿಗೆ ಕೊಟ್ಟಿರಿ, ಎಷ್ಟನ್ನು ಅಳಿಸಿದಿರಿ? 2027ರ ಮೇ ಬರುವ ಮೊದಲು ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಂಡ ಸಂಘಗಳು ಮಂಡಳಿಯ ನೋಟಿಸಿಗೂ ಹೆದರಬೇಕಿಲ್ಲ, ತಮ್ಮ ಸ್ವಯಂಸೇವಕರ ಎದುರೂ ತಲೆ ತಗ್ಗಿಸಬೇಕಿಲ್ಲ.